ಕಣ್ಣುರೆಪ್ಪೆಯ ಹಳದಿ ಮಚ್ಚೆ: ಆಸಿಡ್ ಪೀಲೋ, ಲೇಸರೋ?

ಮೇಲಿನ ರೆಪ್ಪೆಯ ಒಳಮೂಲೆಯಲ್ಲಿ, ಮೂಗಿಗೆ ಹತ್ತಿದ ಹಾಗೆ, ಬೆಣ್ಣೆ ಸವರಿದಂತೆ ಕಾಣುವ ಒಂದು ಹಳದಿ ಮಚ್ಚೆ. ಮುಟ್ಟಿದರೆ ಮೆತ್ತಗಿರುತ್ತದೆ. ನೋವಿಲ್ಲ, ತುರಿಕೆಯಿಲ್ಲ. ಅಕ್ಕಿಕಾಳಿನಷ್ಟು ಇದ್ದದ್ದು ಕೆಲವು ವರ್ಷಗಳಲ್ಲಿ ಕಡಲೆಬೇಳೆಯಷ್ಟಾಗುತ್ತದೆ, ಆಮೇಲೆ ಇನ್ನೊಂದು ಕಣ್ಣಿಗೂ ಜೋಡಿಯಾಗಿ ಬರುತ್ತದೆ. ವೈದ್ಯರು ಇದನ್ನು ಕ್ಸಾಂಥೆಲಾಸ್ಮ ಅನ್ನುತ್ತಾರೆ. ನಾವೆಲ್ಲ ಸುಮ್ಮನೆ ಕೊಲೆಸ್ಟರಾಲ್ ಮಚ್ಚೆ ಅನ್ನುತ್ತೇವೆ.

ಇದನ್ನು ತೆಗೆಸಬೇಕು ಅಂದುಕೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಪೀಲ್ (ಆಸಿಡ್ ಹಚ್ಚಿ ಚರ್ಮದ ಪದರ ಸುಲಿಯುವುದು) ಮಾಡಿಸಲೋ, ಲೇಸರ್ ಮಾಡಿಸಲೋ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಚ್ಚೆ ಚಪ್ಪಟೆಯಾಗಿ ತೆಳುವಾಗಿದ್ದರೆ ಟ್ರೈಕ್ಲೋರೋಅಸಿಟಿಕ್ ಆಸಿಡ್, ಅಂದರೆ ಟಿಸಿಎ, ಸಾಕು. ಉಬ್ಬಿ ದಪ್ಪಗಾಗಿದ್ದರೆ ಸಿಓಟು ಅಥವಾ ಅರ್ಬಿಯಂ ಲೇಸರ್ ಒಳ್ಳೆಯದು. ಯಾವುದನ್ನು ಆರಿಸಿಕೊಂಡರೂ ನಮ್ಮ ಗೋಧಿ, ಕಂದು ಮೈಬಣ್ಣದವರಿಗೆ ಒಂದೇ ಸಲಕ್ಕೆ ಪೂರ್ತಿ ಕಿತ್ತು ತೆಗೆಯಲು ಹೋಗಬಾರದು. ಹಳದಿ ಸ್ವಲ್ಪ ಉಳಿದರೆ ಮುಂದಿನ ತಿಂಗಳು ತೆಗೆಯಬಹುದು, ಆಳಕ್ಕೆ ಇಳಿದು ಆದ ಕಲೆಯನ್ನು ತೆಗೆಯುವುದು ಬಹಳ ಕಷ್ಟ.

ಮಚ್ಚೆಯೊಳಗೆ ಏನಿದೆ ಅನ್ನುವುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ರಕ್ತದಿಂದ ಸೋರಿ ಬಂದ ಕೊಬ್ಬನ್ನು ಚರ್ಮದಲ್ಲಿರುವ ಮ್ಯಾಕ್ರೋಫೇಜ್ ಎಂಬ ಕೋಶಗಳು ನುಂಗುತ್ತವೆ. ನುಂಗಿ ನುಂಗಿ ನೊರೆ ತುಂಬಿದ ಹಾಗೆ ಉಬ್ಬಿ, ಒಳಚರ್ಮದ ಮೇಲ್ಭಾಗದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಗುಂಪುಗೂಡಿ ಕೂರುತ್ತವೆ. ಚೀಲದಲ್ಲಿ ತುಂಬಿಟ್ಟ ಕೊಬ್ಬಾಗಿದ್ದರೆ ಸೂಜಿಯಿಂದ ಚುಚ್ಚಿ ಹಿಂಡಬಹುದಿತ್ತು. ಇಲ್ಲಿ ಕೊಬ್ಬು ಕೋಶಗಳ ಒಳಗೇ ಇದೆ, ಕೋಶಗಳು ಚರ್ಮದ ಎಳೆಗಳ ನಡುವೆ ಸಿಕ್ಕಿಕೊಂಡಿವೆ. ಹಾಗಾಗಿ ಮೇಲಿನ ಪದರವನ್ನೂ ಒಳಚರ್ಮದ ಒಂದಿಷ್ಟು ಭಾಗವನ್ನೂ ಹಾಳುಗೆಡವದೆ ಇದು ಹೋಗುವುದಿಲ್ಲ. ರೆಪ್ಪೆಯ ಚರ್ಮವೋ, ಇಡೀ ಮೈಯಲ್ಲೇ ತೀರಾ ತೆಳುವಾದದ್ದು, ಅರ್ಧ ಮಿಲಿಮೀಟರಿನ ಆಸುಪಾಸು. ಅದರ ಕೆಳಗೆ ಕೊಬ್ಬಿನ ಮೆತ್ತೆ ಇಲ್ಲವೆಂದೇ ಹೇಳಬೇಕು, ಚರ್ಮ ಮುಗಿದ ಕೂಡಲೇ ಕಣ್ಣು ಮುಚ್ಚುವ ಸ್ನಾಯು. ಆಸಿಡ್ಡಾಗಲಿ ಲೇಸರ್ ಆಗಲಿ, ಇಷ್ಟು ತೆಳುವಾದ ಜಾಗದಲ್ಲಿ ನಿಂತು ಕೆಲಸ ಮಾಡಬೇಕು.

ಪಾರ್ಲರುಗಳಲ್ಲಿ ಮಾಡುವ ಗ್ಲೈಕಾಲಿಕ್, ಲ್ಯಾಕ್ಟಿಕ್, ಸ್ಯಾಲಿಸಿಲಿಕ್ ಪೀಲ್‌ಗಳಿಂದ ಈ ಮಚ್ಚೆ ಹೋಗದಿರುವುದು ಇದೇ ಕಾರಣಕ್ಕೆ. ಅವು ಹೊರಪದರದಲ್ಲೇ ನಿಲ್ಲುತ್ತವೆ. ಮುಖದ ಕಾಂತಿಗೆ ಮಾಡಿಸುವ ಪೀಲ್ ಬೇರೆ, ಮಚ್ಚೆಯ ಮೇಲಷ್ಟೇ ಮುಟ್ಟಿಸುವ ಗಟ್ಟಿ ಟಿಸಿಎ ಬೇರೆ. ಎರಡಕ್ಕೂ ಪೀಲ್ ಅನ್ನುವ ಒಂದೇ ಹೆಸರಿರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ.

ಮೊದಲು ರಕ್ತ ಪರೀಕ್ಷೆ

ಈ ಮಚ್ಚೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಕೊಲೆಸ್ಟರಾಲ್ ಸರಿಯಾಗಿಯೇ ಇರುತ್ತದೆ. ಹಾಗೆಂದು ಪರೀಕ್ಷೆ ಬಿಡುವಂತಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 12,745 ಜನರನ್ನು 1970ರ ದಶಕದ ನಡುವಿನಿಂದ 2009ರವರೆಗೆ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶುರುವಿನಲ್ಲಿ ಅವರಲ್ಲಿ ಶೇ. 4.4 ಜನರಿಗೆ ರೆಪ್ಪೆಯ ಮೇಲೆ ಹಳದಿ ಮಚ್ಚೆ ಇತ್ತು. ಮಚ್ಚೆ ಇದ್ದವರಿಗೆ ಹೃದಯಾಘಾತದ ಅಪಾಯ ಹೆಚ್ಚೆಂದು ಕಂಡುಬಂತು. ಕೊಲೆಸ್ಟರಾಲ್, ಬಿಪಿ, ಸಿಗರೇಟು ಇವೆಲ್ಲದರ ಲೆಕ್ಕ ಕಳೆದ ಮೇಲೂ ಆ ಹೆಚ್ಚಳ ಉಳಿದಿತ್ತು. ಆದ್ದರಿಂದ ರಿಪೋರ್ಟ್ ನಾರ್ಮಲ್ ಬಂದರೂ ವೈದ್ಯರ ಹತ್ತಿರ ಹೃದಯದ ವಿಚಾರವನ್ನು ಒಮ್ಮೆ ಪೂರ್ತಿಯಾಗಿ ಮಾತಾಡಿಕೊಳ್ಳಿ.

ಮಾಡಿಸಬೇಕಾದ್ದು ಇಷ್ಟು: ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಲೆಕ್ಕ), ಸಕ್ಕರೆ, ಥೈರಾಯ್ಡಿನ ಟಿಎಸ್‌ಎಚ್, ಲಿವರ್ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್. ಥೈರಾಯ್ಡ್ ಕಡಿಮೆಯಾದರೂ, ಪಿತ್ತನಾಳದ ಕೆಲವು ಕಾಯಿಲೆಗಳಲ್ಲೂ, ಕಿಡ್ನಿಯಿಂದ ಪ್ರೋಟೀನ್ ಸೋರಿದರೂ ಕೊಲೆಸ್ಟರಾಲ್ ಏರುತ್ತದೆ. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಡೆಸಿಲೀಟರಿಗೆ 190 ಮಿ.ಗ್ರಾಂಗಿಂತ ಮೇಲಿದ್ದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಟೆಂಡನ್) ದಪ್ಪಗಾಗಿದ್ದು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಅದು ವಂಶದಲ್ಲಿ ಇಳಿದು ಬಂದ ಕೊಲೆಸ್ಟರಾಲ್ ತೊಂದರೆ ಇರಬಹುದು. ಆಗ ಮಕ್ಕಳ ಮತ್ತು ಒಡಹುಟ್ಟಿದವರ ರಕ್ತವನ್ನೂ ನೋಡಿಸಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತೆಗೆದುಕೊಂಡರೆ ಮಚ್ಚೆ ತಾನಾಗಿ ಕರಗುವುದು ಅಪರೂಪ. ಆ ಮಾತ್ರೆ ಇರುವುದು ರಕ್ತನಾಳಗಳ ಸಲುವಾಗಿ.

ಇನ್ನೊಂದು ಮಾತು. ಹಳದಿಯಾಗಿರುವುದೆಲ್ಲ ಕ್ಸಾಂಥೆಲಾಸ್ಮ ಅಲ್ಲ. ಕೆಳರೆಪ್ಪೆಯಲ್ಲಿ ಸಾಸಿವೆಕಾಳಿನಂತೆ ಚೆಲ್ಲಿರುವ ಚರ್ಮದ ಬಣ್ಣದ ಗುಳ್ಳೆಗಳು ಬೆವರುಗ್ರಂಥಿಯವು, ಅವಕ್ಕೆ ಸಿರಿಂಗೋಮ ಅನ್ನುತ್ತಾರೆ. ಗಟ್ಟಿಯಾದ ಬಿಳಿ ಮುತ್ತಿನಂಥವು ಮಿಲಿಯ. ಆದರೆ ಒಂದೇ ಕಣ್ಣಿನಲ್ಲಿ, ರೆಪ್ಪೆಯ ಅಂಚಿನಲ್ಲೇ ಗಟ್ಟಿಯಾಗಿ ಬೆಳೆಯುತ್ತಿರುವ, ಆ ಜಾಗದ ರೆಪ್ಪೆಗೂದಲು ಉದುರಿರುವ, ಹುಣ್ಣಾಗಿ ರಕ್ತ ಒಸರುವ ಹಳದಿ ಗಂಟು ತೈಲಗ್ರಂಥಿಯ ಕ್ಯಾನ್ಸರ್ ಆಗಿರಬಹುದು. ಅದನ್ನು ಆಸಿಡ್ಡಿನಿಂದಲೋ ಲೇಸರಿನಿಂದಲೋ ಸುಟ್ಟರೆ ಪರೀಕ್ಷೆಗೆ ಕಳಿಸಲು ತುಣುಕೇ ಉಳಿಯುವುದಿಲ್ಲ, ರೋಗ ಒಳಗೇ ಬೆಳೆಯುತ್ತದೆ. ಇಂಥ ಅನುಮಾನ ಬಂದರೆ ಮೊದಲು ಬಯಾಪ್ಸಿ.

ಟಿಸಿಎ ಹಚ್ಚುವ ಬಗೆ

ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಕುರ್ಚಿಯಲ್ಲಿ ಕೂತ ನಿಮಗೆ ಏನು ನಡೆಯುತ್ತಿದೆ, ಸರಿಯಾಗಿ ನಡೆಯುತ್ತಿದೆಯೇ ಎಂದು ಗೊತ್ತಾಗಲಿ ಅಂತ. ಮನೆಯಲ್ಲಿ ಮಾಡಿಕೊಳ್ಳುವುದಕ್ಕಲ್ಲ. ಆನ್‌ಲೈನಿನಲ್ಲಿ ಟಿಸಿಎ ಬಾಟಲಿ ಸಿಗುತ್ತದೆ, ದಯವಿಟ್ಟು ತರಿಸಬೇಡಿ. ಕಣ್ಣಿನ ಪಕ್ಕ ಕನ್ನಡಿ ನೋಡಿಕೊಂಡು, ಒಂದು ಕಣ್ಣು ಮುಚ್ಚಿ, ನಡುಗುವ ಕೈಯಲ್ಲಿ ಹಚ್ಚುವಂಥ ವಸ್ತು ಅಲ್ಲ ಅದು.

ಟಿಸಿಎ ಗಾಳಿಯ ತೇವ ಹೀರಿ ತಾನೇ ನೀರಾಗುವ ಹರಳು. ಚರ್ಮಕ್ಕೆ ಹಚ್ಚುವುದು ಅದರ ದ್ರಾವಣ. ಶೇ. 50 ಅಂದರೆ 50 ಗ್ರಾಂ ಹರಳಿಗೆ ಬಟ್ಟಿ ಇಳಿಸಿದ ನೀರು ಸೇರಿಸಿ ಒಟ್ಟು 100 ಮಿ.ಲೀ. ಮಾಡಿದ್ದು. 100 ಮಿ.ಲೀ. ನೀರಿಗೆ 50 ಗ್ರಾಂ ಹಾಕಿದರೆ ಶೇ. 40ರ ಹತ್ತಿರಕ್ಕೆ ಇಳಿಯುತ್ತದೆ. ತೂಕಕ್ಕೆ ತೂಕ ಬೆರೆಸಿದರೆ ಶೇ. 50 ಎಂದು ಬರೆದ ಬಾಟಲಿ ನಿಜಕ್ಕೂ ಅದಕ್ಕಿಂತ ಖಾರವಾಗಿರುತ್ತದೆ. ಲೇಬಲ್ಲಿನ ಅಂಕಿ ಒಂದೇ ಇದ್ದರೂ ಎರಡು ಕಡೆಯ ಟಿಸಿಎ ಬೇರೆ ಬೇರೆ ಆಳಕ್ಕೆ ಇಳಿಯುವುದು ಹೀಗೆ. ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟ ಬಾಟಲಿಯ ನೀರು ಆರಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ಲೋಹವನ್ನು ಇದು ತಿನ್ನುತ್ತದೆ, ಹಾಗಾಗಿ ಗಾಜಿನ ಬಾಟಲಿ, ಹಚ್ಚಲು ಮರದ ಹಲ್ಲುಕಡ್ಡಿ.

ಎಷ್ಟು ಗಟ್ಟಿಯದು ಬೇಕು ಅನ್ನುವುದು ಮಚ್ಚೆಯ ದಪ್ಪದ ಮೇಲೆ ನಿಂತಿದೆ. ಶೇ. 50, 70 ಮತ್ತು 100 ಮೂರನ್ನೂ ಹೋಲಿಸಿ ನೋಡಿದ 2006ರ ಅಧ್ಯಯನವೊಂದು ಒಂದು ಸರಳ ಲೆಕ್ಕ ಕೊಟ್ಟಿತು. ಚರ್ಮಕ್ಕೆ ಸಮನಾಗಿ, ಬಣ್ಣವಷ್ಟೇ ಬದಲಾದ ಮಚ್ಚೆಗೆ ಶೇ. 50 ಸಾಕು. ಸ್ವಲ್ಪ ಎದ್ದು ಚಪ್ಪಟೆಯಾಗಿರುವುದಕ್ಕೆ ಶೇ. 70, ಅಲ್ಲಿ ಶೇ. 100 ಹಾಕಿದರೂ ಹೆಚ್ಚಿನ ಲಾಭವಿಲ್ಲ. ಗಂಟಾಗಿ ಎದ್ದದ್ದಕ್ಕೆ ಮಾತ್ರ ಶೇ. 100. ಅದೇ ಅಧ್ಯಯನದಲ್ಲಿ ಕಂಡ ಮುಖ್ಯ ಅಡ್ಡಪರಿಣಾಮ ಚರ್ಮ ಬೆಳ್ಳಗಾಗುವುದು, ಆಮೇಲೆ ಕಪ್ಪಾಗುವುದು. ನನ್ನ ಅಭಿಪ್ರಾಯ ಕೇಳಿದರೆ, ಶೇ. 100 ಬೇಕಾಗುವಷ್ಟು ದಪ್ಪದ ಮಚ್ಚೆಗೆ ಲೇಸರ್ ಮಾಡಿಸುವುದೇ ಲೇಸು. ಆಸಿಡ್ ಒಮ್ಮೆ ಇಳಿಯಲು ಶುರುವಾದರೆ ನಡುವೆ ನಿಲ್ಲಿಸುವ ದಾರಿಯಿಲ್ಲ.

ಕೆಲಸ ನಡೆಯುವ ರೀತಿ ಹೀಗೆ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿರಬೇಕು, ಕಾಡಿಗೆ, ಮೇಕಪ್ಪು ತೊಳೆದಿರಬೇಕು. ಪೂರ್ತಿ ಅಂಗಾತ ಮಲಗಿಸುವುದಿಲ್ಲ, ತಲೆಭಾಗ ಸುಮಾರು 45 ಡಿಗ್ರಿ ಎತ್ತಿ ಒರಗಿಸುತ್ತಾರೆ. ಕಣ್ಣು ಮುಚ್ಚಿಸಿ ಮಚ್ಚೆಯ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರಸಿ, ಅದು ಪೂರ್ತಿ ಆರುವ ತನಕ ಕಾಯುತ್ತಾರೆ. ಜಿಡ್ಡು ಉಳಿದ ಕಡೆ ಆಸಿಡ್ ಇಳಿಯದೆ ತೇಪೆ ತೇಪೆಯಾಗುತ್ತದೆ. ಮಚ್ಚೆಯ ಸುತ್ತ, ರೆಪ್ಪೆಯ ಅಂಚಿಗೆ, ಕಣ್ಣಿನ ಒಳಮೂಲೆಗೆ ವ್ಯಾಸಲೀನ್ ತೆಳ್ಳಗೆ ಕಟ್ಟೆಯಂತೆ ಹಚ್ಚುತ್ತಾರೆ. ಅದು ಮಚ್ಚೆಯ ಮೇಲೆ ಹರಡಬಾರದು. ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ ಆಸಿಡ್ಡಿನಲ್ಲಿ ಅದ್ದಿ, ಬಾಟಲಿಯ ಕಂಠಕ್ಕೆ ಒತ್ತಿ ಹಿಂಡುತ್ತಾರೆ. ಹತ್ತಿ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ತೇವದ ಕಡ್ಡಿಯನ್ನು ಯಾವತ್ತೂ ಕಣ್ಣಿನ ಮೇಲಿಂದ ದಾಟಿಸಬಾರದು, ಕಿವಿಯ ಕಡೆಯಿಂದಲೋ ಹಣೆಯ ಕಡೆಯಿಂದಲೋ ತರಬೇಕು. ಮಚ್ಚೆಯ ಗಡಿಯಿಂದ ಕೂದಲೆಳೆಯಷ್ಟು ಒಳಗೇ ನಿಂತು, ಅಂಚಿನಿಂದ ನಡುವಿಗೆ ಹಚ್ಚಿಕೊಂಡು ಬರುತ್ತಾರೆ.

ಆಮೇಲೆ ನೋಡಬೇಕಾದ್ದು ಬಣ್ಣ. ಕೆಲವು ಸೆಕೆಂಡು ಏನೂ ಆಗುವುದಿಲ್ಲ, ಉರಿ ಮಾತ್ರ ಏರುತ್ತದೆ. ಆಮೇಲೆ ಹಳದಿಯ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಏಳುತ್ತವೆ, ಚುಕ್ಕೆಗಳು ಕೂಡಿಕೊಂಡು ಮೋಡವಾಗುತ್ತವೆ, ಕೊನೆಗೆ ಇಡೀ ಮಚ್ಚೆ ಸುಣ್ಣ ಬಳಿದಂತೆ ಒಂದೇ ಸಮ ಬೆಳ್ಳಗಾಗುತ್ತದೆ. ಇದಕ್ಕೆ ಫ್ರಾಸ್ಟ್ ಅನ್ನುತ್ತಾರೆ. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ ಚರ್ಮದ ಪ್ರೋಟೀನು ಹೆಪ್ಪುಗಟ್ಟಿದ ಗುರುತು ಅದು. ಒಂದೇ ಸಮನಾದ ಬಿಳಿ ಬಂದಾಗ ಕೈ ನಿಲ್ಲಬೇಕು. ಬಿಳಿ ಬಿಟ್ಟು ಬೂದು ಬಣ್ಣಕ್ಕೆ ತಿರುಗಿದರೆ ಆಸಿಡ್ ಬೇಕಾದ್ದಕ್ಕಿಂತ ಆಳಕ್ಕೆ ಹೋಗಿದೆ, ಅಲ್ಲಿ ಕಲೆ ಆಗುವ ಸಾಧ್ಯತೆ ಹೆಚ್ಚು. ಮೊದಲ ಸುತ್ತಿಗೆ ಬಿಳಿ ಸರಿಯಾಗಿ ಬಾರದಿದ್ದರೆ ತಕ್ಷಣ ಇನ್ನೊಂದು ಸುತ್ತು ಹಾಕಬಾರದು, ಎರಡು ಮೂರು ನಿಮಿಷ ಕಾದು ನೋಡಬೇಕು. ಬಿಳಿ ತಡವಾಗಿಯೂ ಏಳುತ್ತದೆ.

ಉರಿ ಎರಡು ಮೂರು ನಿಮಿಷ ಜೋರಾಗಿರುತ್ತದೆ, ಫ್ಯಾನ್ ಗಾಳಿಗೆ, ತಣ್ಣನೆಯ ಬಟ್ಟೆಗೆ ಇಳಿಯುತ್ತದೆ. ಗ್ಲೈಕಾಲಿಕ್ಕಿನ ಹಾಗೆ ಟಿಸಿಎಗೆ ಅಡುಗೆ ಸೋಡಾ ಬೆರೆಸಿದ ನೀರು ಹಾಕಿ ಶಮನ ಮಾಡಲಾಗದು. ಬಿಳಿ ಬಂದಿತೆಂದರೆ ಆಸಿಡ್ ತನ್ನ ಕೆಲಸ ಮುಗಿಸಿ ಖರ್ಚಾಗಿದೆ ಎಂದರ್ಥ. ಇಲ್ಲಿ ಅತಿ ದೊಡ್ಡ ಅಪಾಯ ಕಣ್ಣೀರು. ಉರಿಗೆ ಕಣ್ಣಲ್ಲಿ ನೀರು ಬಂದೇ ಬರುತ್ತದೆ, ಆ ನೀರು ಮಚ್ಚೆಯನ್ನು ಮುಟ್ಟಿದರೆ ಆಸಿಡ್ಡನ್ನು ಎಳೆದುಕೊಂಡು ಕಣ್ಣೊಳಗೂ ಕೆನ್ನೆಗೂ ಇಳಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಒಬ್ಬರು ಒಣ ಹತ್ತಿ ಹಿಡಿದು ಮೂಲೆಯ ನೀರನ್ನು ಒತ್ತಿ ತೆಗೆಯುತ್ತಲೇ ಇರಬೇಕು, ಸಲೈನ್ ತುಂಬಿದ ಸಿರಿಂಜು ಕೈಗೆ ಸಿಗುವಂತಿರಬೇಕು. ಕಣ್ಣಿಗೆ ಬಿದ್ದರೆ ಆ ಕ್ಷಣದಿಂದಲೇ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು, ನಂತರ ಕಣ್ಣಾಸ್ಪತ್ರೆಗೆ. ಆ ಸಿರಿಂಜು ಟ್ರೇಯಲ್ಲಿ ಕಾಣದಿದ್ದರೆ ಕೇಳಿ ತರಿಸಿ, ಸಂಕೋಚ ಬೇಡ.

ಬಿಳಿ ಕೆಲವು ಗಂಟೆಗಳಲ್ಲಿ ಇಳಿದು ಜಾಗ ಕೆಂಪಗಾಗುತ್ತದೆ. ಮರುದಿನ ಬೆಳಗ್ಗೆ ರೆಪ್ಪೆ ಊದಿ ಕಣ್ಣು ಅರ್ಧ ಮುಚ್ಚಿದಂತಿರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಕಂದು ಹಕ್ಕಳೆ ಕಟ್ಟಿ, ಏಳರಿಂದ ಹತ್ತು ದಿನದಲ್ಲಿ ತಾನಾಗಿ ಉದುರುತ್ತದೆ. ಮುಂದಿನ ಸಲಕ್ಕೆ ನಾಲ್ಕು ವಾರವಾದರೂ ಬಿಡಬೇಕು. ಒಂದರಿಂದ ನಾಲ್ಕು ಸಲ ಬೇಕಾಗುವುದು ಸಾಮಾನ್ಯ.

ಲೇಸರ್ ಅಂದರೆ ಯಾವ ಲೇಸರ್?

ಲೇಸರ್ ಮಾಡುತ್ತೇವೆ ಅಂದಾಗ ಯಾವುದು ಎಂದು ಕೇಳಲೇಬೇಕು. ಬಹಳ ಕ್ಲಿನಿಕ್ಕುಗಳಲ್ಲಿ ಇರುವುದು ಹಚ್ಚೆ ತೆಗೆಯುವ, ಮುಖಕ್ಕೆ ಟೋನಿಂಗ್ ಮಾಡುವ ಕ್ಯೂ-ಸ್ವಿಚ್ಡ್ ಎನ್‌ಡಿ ಯಾಗ್, 1064 ಮತ್ತು 532 ನ್ಯಾನೊಮೀಟರ್ ಅಲೆಯುದ್ದದ ಬೆಳಕಿನದು. ಅದು ಬಣ್ಣವನ್ನು ಹುಡುಕಿ ಹೊಡೆಯುವ ಲೇಸರ್. ಕ್ಸಾಂಥೆಲಾಸ್ಮದಲ್ಲಿ ಹೊಡೆಯಲು ಹಾಗೆ ಗಾಢ ಬಣ್ಣವೇ ಇಲ್ಲ, ಫಲಿತಾಂಶವೂ ಸಪ್ಪೆ. ರಕ್ತನಾಳಕ್ಕೆ ಬಳಸುವ ಪಲ್ಸ್ಡ್ ಡೈ ಲೇಸರ್ ತೆಳು ಮಚ್ಚೆಗಳನ್ನು ಹಲವು ಸಲಕ್ಕೆ ತಿಳಿಗೊಳಿಸುತ್ತದೆ, ನಮ್ಮ ಕಡೆ ಸಿಗುವುದು ಕಡಿಮೆ. ಈ ಕೆಲಸಕ್ಕೆ ನಿಜವಾಗಿ ಆಗಿಬರುವುವು ಎರಡು: 10,600 ನ್ಯಾನೊಮೀಟರಿನ ಕಾರ್ಬನ್ ಡೈಆಕ್ಸೈಡ್ ಲೇಸರ್, ಎಲ್ಲರೂ ಸಿಓಟು ಅನ್ನುವುದು, ಇನ್ನೊಂದು 2,940 ನ್ಯಾನೊಮೀಟರಿನ ಅರ್ಬಿಯಂ ಯಾಗ್.

ಎರಡೂ ಹಿಡಿಯುವುದು ಚರ್ಮದ ಕೋಶಗಳಲ್ಲಿರುವ ನೀರನ್ನು. ನೀರು ಒಮ್ಮೆಲೇ ಕುದಿದು ಆವಿಯಾಗಿ ಪದರ ಹಾರಿಹೋಗುತ್ತದೆ. ಅರ್ಬಿಯಂ ಬೆಳಕನ್ನು ನೀರು ಸಿಓಟುಗಿಂತ ಹತ್ತು ಪಟ್ಟಿಗೂ ಹೆಚ್ಚು ಹೀರುತ್ತದೆ, ಆದ್ದರಿಂದ ಅದು ತೆಳ್ಳನೆಯ ಪದರ ತೆಗೆದು, ಕೆಳಗೆ ಸುಟ್ಟ ಅಂಶ ಬಹಳ ಕಡಿಮೆ ಬಿಡುತ್ತದೆ. ಗಾಯ ಬೇಗ ಮಾಯುತ್ತದೆ, ಕಪ್ಪಾಗುವುದೂ ಕಡಿಮೆ. ಆದರೆ ಬಿಸಿ ಕಡಿಮೆಯಾದ್ದರಿಂದ ರಕ್ತನಾಳ ಮುಚ್ಚಿಕೊಳ್ಳುವುದಿಲ್ಲ, ಆಳಕ್ಕೆ ಹೋದಂತೆ ರಕ್ತ ಒಸರಿ ಎಲ್ಲಿ ಹಳದಿ ಎಲ್ಲಿ ಕೆಂಪು ಎಂದು ಕಾಣದಾಗುತ್ತದೆ. ಸಿಓಟು ರಕ್ತ ನಿಲ್ಲಿಸಿಕೊಂಡೇ ಇಳಿಯುತ್ತದೆ, ದಪ್ಪ ಮಚ್ಚೆಗೆ ಅನುಕೂಲ. ಅದಕ್ಕೆ ತೆರಬೇಕಾದ ಬೆಲೆ ಸುತ್ತ ಉಳಿಯುವ ಬಿಸಿ. ಆ ಬಿಸಿಯನ್ನು ಹಿಡಿತದಲ್ಲಿಡಲು ಪಲ್ಸಿನ, ಅಂದರೆ ಬೆಳಕಿನ ಒಂದೊಂದು ಮಿಡಿತದ, ಅವಧಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಅಲ್ಟ್ರಾಪಲ್ಸ್, ಸೂಪರ್‌ಪಲ್ಸ್ ಎನ್ನುವುದು ಇದಕ್ಕೇ. ಹಳೆಯ ಯಂತ್ರದಲ್ಲಿ ಬೆಳಕು ಬಿಡದೆ ಬರುವ ಕಂಟಿನ್ಯೂಯಸ್ ಮೋಡಿನಲ್ಲಿಟ್ಟು ಸುಟ್ಟರೆ ಬಿಸಿ ಪಕ್ಕಕ್ಕೆ ಹರಿದು ಕಲೆ ಉಳಿಯುತ್ತದೆ. ಫ್ರ್ಯಾಕ್ಷನಲ್ ಸಿಓಟು ಸಣ್ಣ ಸಣ್ಣ ತೂತು ಮಾಡಿ ನಡುವೆ ಚರ್ಮ ಉಳಿಸುತ್ತದೆ. ಗಾಯ ಬೇಗ ಮಾಯುತ್ತದೆ ನಿಜ, ಆದರೆ ಸಲಗಳು ಹೆಚ್ಚು ಬೇಕು.

ಲೇಸರಿಗೆ ಮುನ್ನ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಅಡ್ರಿನಲಿನ್ ಸೇರಿಸಿದ ಶೇ. 2ರ ಲಿಗ್ನೊಕೇನ್, ಬಹಳ ಸಣ್ಣ 30 ನಂಬರಿನ ಸೂಜಿ, ಒಂದೊಂದು ಮಚ್ಚೆಗೆ ಅರ್ಧದಿಂದ ಒಂದು ಮಿ.ಲೀ. ಇಂಜೆಕ್ಷನ್ನಿಗೆ ಮೊದಲೇ ಮಚ್ಚೆಯ ಗಡಿಯನ್ನು ಮಾರ್ಕರಿನಲ್ಲಿ ಬರೆದುಕೊಂಡಿರಬೇಕು. ಮದ್ದು ತುಂಬಿದ ಮೇಲೆ ಚರ್ಮ ಉಬ್ಬಿ ಬಿಳಿಚಿಕೊಂಡು ಗಡಿ ಅಳಿಸಿಹೋಗುತ್ತದೆ, ಆಗ ಅಂದಾಜಿನ ಮೇಲೆ ಹೊಡೆಯಬೇಕಾಗುತ್ತದೆ. ಮರಗಟ್ಟುವ ಕ್ರೀಮು ರೆಪ್ಪೆಗೆ ಸೂಕ್ತವಲ್ಲ. ಅದರಲ್ಲಿ ಕೆಲವು ಕ್ಷಾರೀಯವಾಗಿದ್ದು ಕಣ್ಣೊಳಗೆ ಜಾರಿದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸುಡುತ್ತದೆ, ಕಣ್ಣೂ ಮರಗಟ್ಟಿರುವುದರಿಂದ ಸುಡುತ್ತಿರುವುದು ಗೊತ್ತಾಗುವುದಿಲ್ಲ.

ಕಣ್ಣಿನ ರಕ್ಷಣೆಯಲ್ಲಿ ಯಾವ ರಾಜಿಯೂ ಬೇಡ. ಮರಗಟ್ಟುವ ಡ್ರಾಪ್ಸ್ ಹಾಕಿ, ಜೆಲ್ ಸವರಿ, ಕಣ್ಣುಗುಡ್ಡೆಯ ಮೇಲೆ ಬಟ್ಟಲಿನಾಕಾರದ ಲೋಹದ ಶೀಲ್ಡ್ ಕೂರಿಸುತ್ತಾರೆ. ಪ್ಲಾಸ್ಟಿಕ್ಕಿನದು ಸಿಓಟು ಬಿಸಿಗೆ ಕರಗಬಹುದು. ಕಣ್ಣು ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟರೆ ಸಾಕು ಎನ್ನುವ ಕಡೆ ರೆಪ್ಪೆಯ ಲೇಸರ್ ಮಾಡಿಸಬೇಡಿ. ಸುತ್ತಲೂ ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆ, ಹುಬ್ಬು ಮತ್ತು ರೆಪ್ಪೆಗೂದಲು ಒದ್ದೆ. ಸ್ಪಿರಿಟ್ಟಿನಲ್ಲಿ ಒರಸಿದ್ದರೆ ಪೂರ್ತಿ ಆರಿರಬೇಕು, ಇಲ್ಲವಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಲೇಸರ್ ಹೊಡೆದ ಕೂಡಲೇ ಮಚ್ಚೆಯ ಮೇಲೆ ಬಿಳಿ-ಬೂದು ಪುಡಿ ಕೂರುತ್ತದೆ. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಒರಸಿದರೆ ಅಡಿಯಲ್ಲಿ ಹಳದಿ ಇನ್ನೂ ದಟ್ಟವಾಗಿ ಕಾಣುತ್ತದೆ, ಮೊದಲ ಸುತ್ತಿನಲ್ಲಿ ಹೋಗುವುದು ಮೇಲಿನ ಮುಸುಕಷ್ಟೇ. ಎರಡನೇ ಸುತ್ತು, ಮತ್ತೆ ಒರಸು. ಈಗ ಹಳದಿ ಒಂದೇ ಹಾಳೆಯಾಗಿ ಉಳಿದಿರುವುದಿಲ್ಲ, ರವೆಯ ಹಾಗೆ ಚದುರಿದ ಕಾಳುಗಳಾಗಿರುತ್ತವೆ, ನಡುವೆ ಗುಲಾಬಿ ಬಣ್ಣದ ಒಳಚರ್ಮ. ಮೂರನೆಯ ಸುತ್ತನ್ನು ಎಲ್ಲ ಕಡೆ ಹೊಡೆಯದೆ ಆ ಕಾಳುಗಳ ಮೇಲಷ್ಟೇ ಹೊಡೆಯುತ್ತಾರೆ. ಹೀಗೆ ಪ್ರತಿ ಸುತ್ತಿಗೂ ಒರಸಿ ಕಣ್ಣಾರೆ ನೋಡಿ ಮುಂದಿನದನ್ನು ನಿರ್ಧರಿಸಬಹುದು, ಆಸಿಡ್ಡಿಗೆ ಈ ಸೌಲಭ್ಯ ಇಲ್ಲ. ಕೆಂಪನೆಯ ಸ್ನಾಯುವಿನ ಎಳೆಗಳು ಕಾಣತೊಡಗಿದರೆ ಅದು ಕೊನೆಯ ಗಡಿ, ಹಳದಿ ಉಳಿದಿದ್ದರೂ ಅಲ್ಲಿಗೆ ಬಿಡಬೇಕು. ಒರಸದೆ ಸುಟ್ಟದ್ದರ ಮೇಲೇ ಸುಟ್ಟರೆ ಕರಿ ಕಾದ ಕೆಂಡದಂತಾಗಿ ಬಿಸಿ ಕೆಳಕ್ಕೆ ಇಳಿಯುತ್ತದೆ. ಲೇಸರಿನಿಂದ ಗುಳಿ ಬಿದ್ದ ಕಲೆಗಳಿಗೆ ಇದು ಒಂದು ಮುಖ್ಯ ಕಾರಣ.

ಹೋಲಿಸಿದರೆ

ಚಪ್ಪಟೆ ಮಚ್ಚೆಗಳಲ್ಲಿ ಎರಡರ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅರ್ಬಿಯಂ ಲೇಸರನ್ನೂ ಶೇ. 70ರ ಟಿಸಿಎಯನ್ನೂ ಹೋಲಿಸಿದ 2014ರ ಅಧ್ಯಯನ ಹೆಚ್ಚುಕಮ್ಮಿ ಸಮವೆಂದೇ ತೋರಿಸಿತು. ಸಿಓಟು ಮತ್ತು ಟಿಸಿಎ ಹೋಲಿಕೆಗಳಲ್ಲಿ ಸಣ್ಣ ಮಚ್ಚೆಗೆ ಸರಿಸಮ, ದೊಡ್ಡ ದಪ್ಪ ಮಚ್ಚೆಗೆ ಲೇಸರ್ ಮೇಲು. ಟಿಸಿಎಗೆ ಖರ್ಚು ಬಹಳ ಕಡಿಮೆ, ಇಂಜೆಕ್ಷನ್ ಬೇಡ, ಹತ್ತು ನಿಮಿಷದ ಕೆಲಸ, ಜಿಲ್ಲಾ ಕೇಂದ್ರದ ಸಾಮಾನ್ಯ ಚರ್ಮವೈದ್ಯರ ಹತ್ತಿರವೂ ಆಗುತ್ತದೆ. ಲೇಸರಿಗೆ ಅದರ ಹಲವು ಪಟ್ಟು ಖರ್ಚು, ಆದರೆ ಸಲಗಳು ಕಡಿಮೆ. ವಿಮೆಯವರು ಇದನ್ನು ಸೌಂದರ್ಯದ ಚಿಕಿತ್ಸೆ ಎಂದು ಸಾಮಾನ್ಯವಾಗಿ ತಳ್ಳಿಹಾಕುತ್ತಾರೆ. ದಿನಾ ಲೇಸರ್ ಹಿಡಿಯದ ಕೈಗಿಂತ ದಿನಾ ಟಿಸಿಎ ಹಚ್ಚುವ ಕೈ ಮೇಲು, ದೊಡ್ಡ ಯಂತ್ರ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಬೇಡಿ.

ನಾಲ್ಕೂ ರೆಪ್ಪೆಗೆ ಹರಡಿ, ಜೋತುಬಿದ್ದ ಚರ್ಮವೂ ಇದ್ದರೆ ಎರಡೂ ಬೇಡ, ಕಣ್ಣಿನ ಪ್ಲಾಸ್ಟಿಕ್ ಸರ್ಜನ್ ಕತ್ತರಿಸಿ ಹೊಲಿಗೆ ಹಾಕುವುದೇ ಸರಿ. ಸ್ನಾಯುವಿನವರೆಗೂ ಇಳಿದ ಗಂಟಿಗೂ ಅದೇ.

ನಮ್ಮ ಮೈಬಣ್ಣದ ವಿಚಾರಕ್ಕೆ ಬಂದರೆ ಎರಡು ತೊಂದರೆ ಬೇರೆ ಬೇರೆ. ಒಂದು ಕಪ್ಪಾಗುವುದು. ಚರ್ಮ ಗಾಯಕ್ಕೆ ಸಿಟ್ಟಾಗಿ ಹೆಚ್ಚು ಬಣ್ಣ ಸುರಿಯುತ್ತದೆ. ಲೇಸರ್ ಬಿಸಿಯಿಂದಲೂ ಟಿಸಿಎಯಿಂದಲೂ ಆಗುತ್ತದೆ, ಬಿಸಿಲು ಬಿದ್ದರೆ ಗಟ್ಟಿಯಾಗುತ್ತದೆ, ತಾಳ್ಮೆ ಇದ್ದರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಇನ್ನೊಂದು ಬೆಳ್ಳಗಾಗುವುದು. ಬಣ್ಣ ಮಾಡುವ ಕೋಶಗಳೇ ಸತ್ತರೆ ಮಚ್ಚೆ ಇದ್ದ ಜಾಗ ಬಿಳಿ ತೇಪೆಯಾಗಿ ಉಳಿಯುತ್ತದೆ, ಅದು ಮರಳಿ ತುಂಬುವ ಭರವಸೆ ಕೊಡಲಾಗದು. ಕಂದು ಮುಖದ ಮೇಲೆ ಆ ಬಿಳಿ, ಮೊದಲಿದ್ದ ಹಳದಿಗಿಂತ ಎದ್ದು ಕಾಣುತ್ತದೆ. ಆದ್ದರಿಂದ ಎರಡೂ ಕಣ್ಣಿಗೆ ಒಟ್ಟಿಗೆ ಕೈ ಹಾಕದೆ, ಒಂದು ಮಚ್ಚೆಯ ಮೂಲೆಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟು ಮಾಡಿ, ಒಂದೂವರೆ ತಿಂಗಳು ಬಿಟ್ಟು ನೋಡಿ ಮುಂದುವರಿಯುವುದು ಜಾಣತನ. ಗಾಯವಾದರೆ ಕೀಲಾಯ್ಡ್ (ಉಬ್ಬಿ ಬೆಳೆಯುವ ಗಟ್ಟಿ ಕಲೆ) ಏಳುವವರು, ಮೊಡವೆಗೆ ಐಸೊಟ್ರೆಟಿನೋಯಿನ್ ನುಂಗುತ್ತಿರುವವರು, ಕಣ್ಣಿನ ಸುತ್ತ ಸರ್ಪಸುತ್ತು ಅಥವಾ ಹರ್ಪಿಸ್ ಗುಳ್ಳೆ ಆಗಿದ್ದವರು ಮೊದಲೇ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಕೆಳರೆಪ್ಪೆಯಲ್ಲಿ ಆಳಕ್ಕೆ ಹೋದರೆ ಮಾಯುವಾಗ ಚರ್ಮ ಎಳೆದುಕೊಂಡು ರೆಪ್ಪೆ ಹೊರಕ್ಕೆ ಮಗುಚಿಕೊಳ್ಳಬಹುದು. ಆಗ ಕಣ್ಣು ಸದಾ ಒಣಗಿ ಕೆಂಪಾಗಿ ನೀರು ಸುರಿಸುತ್ತದೆ. ವಯಸ್ಸಾಗಿ ಕೆಳರೆಪ್ಪೆ ಸಡಿಲಗೊಂಡವರಿಗೆ ಇದು ಹೆಚ್ಚು. ವೈದ್ಯರು ಕೆಳರೆಪ್ಪೆಯನ್ನು ಚಿವುಟಿ ಎಳೆದು ಬಿಟ್ಟು, ಅದು ಎಷ್ಟು ಬೇಗ ಹಿಂದಕ್ಕೆ ಅಂಟುತ್ತದೆ ಎಂದು ನೋಡುವುದು ಇದಕ್ಕೇ. ಒಳಮೂಲೆಯ ತಗ್ಗಿನಲ್ಲಿ ಗಾಯ ಅಡ್ಡಕ್ಕೆ ಹಾದರೆ ಅಲ್ಲಿ ಬಿಗಿದ ಪಟ್ಟಿಯಂತೆ ಕಲೆ ಏಳುವುದೂ ಉಂಟು.

ಮಾಡಿಸಿದ ಮೇಲೆ

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಆಗಾಗ ಹತ್ತು ನಿಮಿಷ ಇಡಿ, ರಾತ್ರಿ ಎರಡು ದಿಂಬು ಇಟ್ಟು ಮಲಗಿ. ಆಂಟಿಬಯೋಟಿಕ್ ಮುಲಾಮು ಕಣ್ಣಿಗೆ ಹಾಕುವಂಥದ್ದೇ ಆಗಿರಲಿ, ರೆಪ್ಪೆಗೆ ಹಚ್ಚಿದ್ದು ಕಣ್ಣೊಳಗೆ ಹೋಗೇ ಹೋಗುತ್ತದೆ. ಜಾಗ ಒಣಗದಂತೆ ವ್ಯಾಸಲೀನ್ ತೆಳ್ಳಗೆ ಹಚ್ಚುತ್ತಿರಿ. ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಬೇಡಿ, ಮುಖ ಒರಸುವಾಗ ಟವೆಲು ಸಿಕ್ಕಿ ಕಿತ್ತು ಬರುವುದೂ ಇದೆ, ಒತ್ತಿ ಒರಸಿ. ಎರಡು ವಾರ ಕಾಡಿಗೆ, ಐಲೈನರ್ ಬೇಡ. ಹಕ್ಕಳೆ ಉದುರಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಅದು ಕಣ್ಣು ಉರಿಸುವುದು ಕಡಿಮೆ. ಜತೆಗೆ ಅಗಲ ಕಡ್ಡಿಯ ತಂಪು ಕನ್ನಡಕ. ಕೆಂಪು ಬಣ್ಣ ಅರ್ಬಿಯಂನಲ್ಲಿ ಕೆಲವು ವಾರ, ಸಿಓಟುನಲ್ಲಿ ಎರಡು ತಿಂಗಳವರೆಗೂ ಉಳಿಯುತ್ತದೆ. ಮನೆಯಲ್ಲಿ ಮದುವೆ ಇದ್ದರೆ ಮೂರು ತಿಂಗಳ ಮುಂಚೆ ಮುಗಿಸಿಕೊಳ್ಳಿ.

ಕಪ್ಪಾಯಿತೆಂದು ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಬೆರೆತ ಬಿಳುಪಿನ ಕ್ರೀಮು ತಂದು ರೆಪ್ಪೆಗೆ ಹಚ್ಚುವವರು ಬಹಳ. ರೆಪ್ಪೆಯ ತೆಳು ಚರ್ಮ ಅದನ್ನು ಹೀರಿಕೊಂಡು ಇನ್ನೂ ತೆಳುವಾಗುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮ ಬರಬಹುದು. ಬೆಳ್ಳುಳ್ಳಿ ಜಜ್ಜಿ ಇಡುವುದು, ಆಪಲ್ ಸೈಡರ್ ವಿನಿಗರ್, ನರಹುಲಿಗೆ ಹಚ್ಚುವ ಹಾಗೆ ಸುಣ್ಣ: ಇವು ಚರ್ಮ ಸುಡುತ್ತವೆ, ಆಳದ ಲೆಕ್ಕವೇ ಇಲ್ಲದೆ. ಸುಣ್ಣ ಕಣ್ಣಿಗೆ ಬಿದ್ದರೆ ಆಸಿಡ್ಡಿಗಿಂತಲೂ ಕೆಟ್ಟದ್ದು, ಕ್ಷಾರ ಕಾರ್ನಿಯಾವನ್ನು ಕೊರೆಯುತ್ತಲೇ ಒಳಕ್ಕೆ ಹೋಗುತ್ತದೆ.

ಮೂರನೇ ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಕೀವು ಕಂಡರೆ, ಗುಂಪಾಗಿ ಸಣ್ಣ ನೀರುಗುಳ್ಳೆ ಎದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಬ್ಬಾದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಮತ್ತೆ ಬರುತ್ತದೆಯೇ? ಬರಬಹುದು, ಯಾವ ವಿಧಾನವೂ ಇದಕ್ಕೆ ಹೊರತಲ್ಲ. ಕತ್ತರಿಸಿ ತೆಗೆದವರ ಬಗ್ಗೆ 1976ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮೊದಲ ಶಸ್ತ್ರಚಿಕಿತ್ಸೆಯ ನಂತರ ಶೇ. 40 ಜನರಿಗೆ, ಎರಡನೆಯದರ ನಂತರ ಶೇ. 60 ಜನರಿಗೆ ಮರಳಿ ಬಂದಿತ್ತು. ಕೊಲೆಸ್ಟರಾಲ್ ಹೆಚ್ಚಿರುವವರಲ್ಲಿ, ನಾಲ್ಕೂ ರೆಪ್ಪೆಗೆ ಹರಡಿದವರಲ್ಲಿ ಇನ್ನೂ ಹೆಚ್ಚು. ಮಾಡಿಸುವ ಮುಂಚೆ ಕಿಟಕಿಯ ಬೆಳಕಿನಲ್ಲಿ, ಕಣ್ಣು ಮುಚ್ಚಿ ಒಂದು, ತೆರೆದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ ಅದೇ ಕಿಟಕಿಯ ಹತ್ತಿರ ಇನ್ನೊಂದು ತೆಗೆದು ಹೋಲಿಸಿ. ಮರಳಿ ಬರುವ ಹಳದಿ ಎಳ್ಳಿನಷ್ಟು ಇರುವಾಗಲೇ ಕಂಡುಬಿಟ್ಟರೆ ಶೇ. 50ರ ಟಿಸಿಎಯ ಒಂದು ಮುಟ್ಟಿಗೆ ಹೋಗುತ್ತದೆ.